ಸರಕಾರ ಬೇಡವೆಂದ ಮನೆ

1853ನೇ ಇಸವಿ. ಅಮೆರಿಕದ ಪೊಟೊಮ್ಯಾಕ್ ನದಿಯಲ್ಲಿ ಬೆಳದಿಂಗಳ ರಾತ್ರಿ ಒಂದು ಹಬೆಯ ಹಡಗು ಸಾಗುತ್ತಿತ್ತು. ದಡದ ಮೇಲಿನ ಮನೆಯೊಂದು ಎದುರಾಗುತ್ತಲೇ ಹಡಗಿನ ಗಂಟೆ ಬಾರಿಸಿತು. ಆ ಮನೆಯ ಮುಂದೆ ಹಾದುಹೋಗುವಾಗ ಗಂಟೆ ಬಾರಿಸಿ ಗೌರವ ಸಲ್ಲಿಸುವುದು ಹಡಗಿನವರ ವಾಡಿಕೆ. ಲೂಯಿಸಾ ಕನ್ನಿಂಗ್‌ಹ್ಯಾಮ್ ಎಂಬ ಪ್ರಯಾಣಿಕ ಮಹಿಳೆ ದಡದತ್ತ ನೋಡಿದರು. ಬೆಳದಿಂಗಳಲ್ಲಿ ಕಂಡದ್ದು ಬಣ್ಣ ಹೋದ, ಇಂದೋ ನಾಳೆಯೋ ಕುಸಿಯುವಂತಿದ್ದ ಮರದ ಮನೆ. ಹೆಸರು ಮೌಂಟ್ ವರ್ನನ್. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬದುಕಿ, 1799ರಲ್ಲಿ ಕಣ್ಣುಮುಚ್ಚಿದ್ದು ಅಲ್ಲೇ.

ಲೂಯಿಸಾ ಅವರಿಗೆ ತಡೆಯಲಾಗಲಿಲ್ಲ. ಮಗಳಿಗೆ ಪತ್ರ ಬರೆದರು. ಈ ದೇಶದ ಗಂಡಸರಿಗೆ ಇದನ್ನು ಉಳಿಸಿಕೊಳ್ಳಲಾಗದಿದ್ದರೆ ಹೆಂಗಸರಾದರೂ ಏಕೆ ಪ್ರಯತ್ನಿಸಬಾರದು ಎಂದು ಕೇಳಿದರು.

ಮಗಳ ಹೆಸರು ಆ್ಯನ್ ಪಮೆಲಾ ಕನ್ನಿಂಗ್‌ಹ್ಯಾಮ್. ಹದಿಹರೆಯದಲ್ಲಿ ಕುದುರೆಯ ಮೇಲಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡವರು. ಜೀವನದ ಎಷ್ಟೋ ದಿನಗಳನ್ನು ನೋವಿನಲ್ಲಿ, ಹಾಸಿಗೆಯ ಮೇಲೆಯೇ ಕಳೆದವರು. ಮಕ್ಕಳೇ, ಅಂಥವರೊಬ್ಬರು ಮಲಗಿದಲ್ಲಿಂದಲೇ ಒಂದು ಮನೆ ಉಳಿಸಿದ ಕಥೆ ಇದು.

ಮನೆ ಅಷ್ಟು ಹಾಳಾಗಲು ಯಾರು ಕಾರಣ? ವಾಷಿಂಗ್ಟನ್ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆಸ್ತಿ ಕೈಯಿಂದ ಕೈಗೆ ಬಂದು, ಆ ಹೊತ್ತಿಗೆ ಅವರ ತಮ್ಮನ ಮರಿಮಗ ಜಾನ್ ಆಗಸ್ಟಿನ್ ವಾಷಿಂಗ್ಟನ್ ಅವರದಾಗಿತ್ತು. ದೊಡ್ಡ ಮನೆ, ಸವೆದ ಹೊಲ, ಸಾಲದ ಆದಾಯ. ಮೇಲಿಂದ ದಿನವೂ ಕರೆಯದೆ ಬರುವ ನೂರಾರು ಅತಿಥಿಗಳು! ನೋಡಲು ಬಂದವರು ನೆನಪಿಗೆಂದು ಗಿಡದ ಕೊಂಬೆಯನ್ನೋ ಗೋಡೆಯ ಚೂರನ್ನೋ ಕಿತ್ತುಕೊಂಡು ಹೋಗುತ್ತಿದ್ದರು. ಹಳೆಯ ದೊಡ್ಡ ಮನೆಯ ಹೆಂಚು ಕೈಯಾಡಿಸುವುದಕ್ಕೇ ಎಷ್ಟು ಖರ್ಚಾಗುತ್ತದೆಂದು ನಿಮ್ಮ ಅಜ್ಜನನ್ನು ಕೇಳಿನೋಡಿ. ಜಾನ್ ಅವರನ್ನು ಬೈಯಲು ಮನಸ್ಸು ಬಾರದು. ಅವರು ಮನೆಯನ್ನು ಕೊಳ್ಳಿರೆಂದು ಕೇಂದ್ರ ಸರಕಾರವನ್ನು ಕೇಳಿದರು, ವರ್ಜೀನಿಯಾ ರಾಜ್ಯವನ್ನೂ ಕೇಳಿದರು. ಇಬ್ಬರೂ ಕೊಳ್ಳಲಿಲ್ಲ.

ಆ್ಯನ್ ಪಮೆಲಾ 1853ರ ಡಿಸೆಂಬರಿನಲ್ಲಿ ಚಾರ್ಲ್ಸ್‌ಟನ್ ನಗರದ ಪತ್ರಿಕೆಯೊಂದಕ್ಕೆ ಮಹಿಳೆಯರನ್ನು ಕುರಿತು ಒಂದು ಮನವಿ ಬರೆದರು. ತಮ್ಮ ಹೆಸರು ಹಾಕದೆ 'ದಕ್ಷಿಣದ ಒಬ್ಬ ಗೃಹಿಣಿ' ಎಂಬ ಅರ್ಥದ ಗುಪ್ತನಾಮ ಇಟ್ಟುಕೊಂಡರು. ಮರ್ಯಾದಸ್ಥ ಮನೆತನದ ಹೆಂಗಸರ ಹೆಸರು ಪತ್ರಿಕೆಯಲ್ಲಿ ಬರಬಾರದೆಂಬ ಕಾಲ ಅದು. ಹೆಂಗಸರಿಗೆ ಮತದಾನದ ಹಕ್ಕೂ ಇರಲಿಲ್ಲ. ಅಂಥ ಕಾಲದಲ್ಲಿ ಹೆಂಗಸರೇ ಸೇರಿ 'ಮೌಂಟ್ ವರ್ನನ್ ಲೇಡೀಸ್ ಅಸೋಸಿಯೇಷನ್' ಎಂಬ ಸಂಘ ಕಟ್ಟಿದರು.

ಸಂಘದ ಏರ್ಪಾಡು ಬಹಳ ಸರಳ. ತಲೆಗೆ ಒಬ್ಬ ರೀಜೆಂಟ್, ಅಂದರೆ ಆ್ಯನ್ ಪಮೆಲಾ. ಒಂದೊಂದು ರಾಜ್ಯಕ್ಕೆ ಒಬ್ಬೊಬ್ಬ ವೈಸ್ ರೀಜೆಂಟ್. ತನ್ನ ರಾಜ್ಯದಲ್ಲಿ ಹಣ ಕೂಡಿಸುವುದು ಅವಳ ಜವಾಬ್ದಾರಿ. ಯಾರಿಗೂ ಸಂಬಳವಿಲ್ಲ. ಶ್ರೀಮಂತರು ದೊಡ್ಡ ಮೊತ್ತ ಕೊಟ್ಟರು, ಸಾಮಾನ್ಯರು ಕೈಲಾದಷ್ಟು ಕೊಟ್ಟರು. ಎಡ್ವರ್ಡ್ ಎವರೆಟ್ ಎಂಬ ಹೆಸರಾಂತ ವಾಗ್ಮಿ ಊರೂರು ಸುತ್ತಿ, ವಾಷಿಂಗ್ಟನ್ ಬಗ್ಗೆ ಒಂದೇ ಭಾಷಣವನ್ನು ನೂರಕ್ಕೂ ಹೆಚ್ಚು ಸಲ ಮಾಡಿ, ಬಂದ ಹಣವನ್ನೆಲ್ಲ ಸಂಘಕ್ಕೆ ಒಪ್ಪಿಸಿದರು. ಹಾಗೆ ಬಂದದ್ದು ಸುಮಾರು 69,000 ಡಾಲರ್. (ಮುಂದೆ 1863ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಎರಡು ಗಂಟೆ ಮಾತಾಡಿದವರೂ ಇವರೇ. ಅವರ ನಂತರ ಲಿಂಕನ್ ಎರಡೇ ನಿಮಿಷ ಮಾತಾಡಿದರು. ಜಗತ್ತು ನೆನಪಿಟ್ಟುಕೊಂಡದ್ದು ಆ ಎರಡು ನಿಮಿಷವನ್ನು. ಪಾಪ ಎವರೆಟ್! ಮೌಂಟ್ ವರ್ನನ್ ಮಾತ್ರ ಅವರನ್ನು ಮರೆಯುವಂತಿಲ್ಲ.)

ಹೆಂಗಸರ ಸಂಘಕ್ಕೆ ಮಾರಲು ಜಾನ್ ಅವರಿಗೆ ಮೊದಮೊದಲು ಮನಸ್ಸಿರಲಿಲ್ಲ. ಕೊನೆಗೆ 1858ರಲ್ಲಿ ಒಪ್ಪಿದರು. ಮನೆ ಮತ್ತು ಸುತ್ತಲಿನ 200 ಎಕರೆಗೆ ಬೆಲೆ 2 ಲಕ್ಷ ಡಾಲರ್. ಮುಂಗಡ 18,000, ಉಳಿದದ್ದು ಕಂತಿನಲ್ಲಿ. 1860ರ ಫೆಬ್ರವರಿ 22ರಂದು, ವಾಷಿಂಗ್ಟನ್ ಹುಟ್ಟಿದ ದಿನವೇ, ಬೀಗದ ಕೈ ಹೆಂಗಸರ ಕೈಗೆ ಬಂತು.

ಬಾಗಿಲು ತೆರೆದರೆ ಒಳಗೇನಿತ್ತು? ಹೆಚ್ಚುಕಡಿಮೆ ಏನೂ ಇಲ್ಲ. ಪೀಠೋಪಕರಣಗಳು ಯಾವಾಗಲೋ ನೆಂಟರ ಪಾಲಾಗಿದ್ದವು. ವಾಷಿಂಗ್ಟನ್ ಅವರ ಒಂದು ಮಣ್ಣಿನ ಎದೆಮಟ್ಟದ ಪ್ರತಿಮೆ, ಒಂದು ಭೂಗೋಳ ಮತ್ತು ಗೋಡೆಯ ಮೇಲೆ ಒಂದು ದೊಡ್ಡ ಕೀಲಿಕೈಯನ್ನು ಜಾನ್ ಬಿಟ್ಟುಹೋಗಿದ್ದರು. ಆ ಕೀಲಿಕೈ ಫ್ರಾನ್ಸಿನ ಬ್ಯಾಸ್ಟಿಲ್ ಸೆರೆಮನೆಯದು. ಜನರು ದಂಗೆಯೆದ್ದು ಆ ಸೆರೆಮನೆಯನ್ನು ಕೆಡವಿದ ಮೇಲೆ ಲಾಫಯೆಟ್ ಅದನ್ನು ವಾಷಿಂಗ್ಟನ್ ಅವರಿಗೆ ಉಡುಗೊರೆಯಾಗಿ ಕಳಿಸಿದ್ದರು. ಇನ್ನು ನದಿಯ ಕಡೆಯ ಎತ್ತರದ ಜಗಲಿ? ಅದರ ಮಾಡು ಬೀಳದಂತೆ ಹಳೆಯ ಹಡಗಿನ ಪಟಸ್ತಂಭಗಳನ್ನು ಊರೆಗೋಲಾಗಿ ನಿಲ್ಲಿಸಿದ್ದರು.

ದುರಸ್ತಿ ಶುರುವಾಗಿ ಹೆಚ್ಚು ಕಾಲ ಕಳೆದಿರಲಿಲ್ಲ, 1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಮನೆ ಇದ್ದದ್ದು ಎರಡೂ ಸೈನ್ಯಗಳ ನಡುವೆ. ಆ್ಯನ್ ಪಮೆಲಾ ದೂರದ ದಕ್ಷಿಣದಲ್ಲಿ ಸಿಕ್ಕಿಕೊಂಡರು. ಮನೆ ಕಾದವರು ಇಬ್ಬರು: ಸಂಘದ ಕಾರ್ಯದರ್ಶಿ ಸಾರಾ ಟ್ರೇಸಿ ಉತ್ತರದವರು, ಮೇಲ್ವಿಚಾರಕ ಅಪ್ಟನ್ ಹರ್ಬರ್ಟ್ ದಕ್ಷಿಣದವರು. ಅಣ್ಣತಮ್ಮಂದಿರೇ ಎದುರುಬದುರಾಗಿ ಬಂದೂಕು ಹಿಡಿದಿದ್ದಾಗ ಇವರಿಬ್ಬರು ಒಂದೇ ಸೂರಿನ ಕೆಳಗೆ ನಿಂತು ಒಂದೇ ನಿಯಮ ಮಾಡಿದರು: ಯಾವ ಕಡೆಯ ಸೈನಿಕನಾದರೂ ಬರಬಹುದು, ಆಯುಧವನ್ನು ಹೊರಗಿಟ್ಟು ಬರಬೇಕು. ಆದರೆ ಯಾತ್ರಿಕರನ್ನು ತರುತ್ತಿದ್ದ ಹಡಗು ನಿಂತುಹೋಗಿತ್ತು. ಹಡಗಿಲ್ಲದಿದ್ದರೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದಿದ್ದರೆ ಹಣವಿಲ್ಲ. ಸಾರಾ ಟ್ರೇಸಿ ರಾಜಧಾನಿಗೆ ಹೋಗಿ ಸೇನಾಧಿಕಾರಿಗಳನ್ನು, ಅಧ್ಯಕ್ಷ ಲಿಂಕನ್ ಅವರನ್ನೂ ಕಂಡು ಬಂದರು. ಯುದ್ಧ ಮುಗಿಯುವವರೆಗೂ ಆ ಮನೆಯ ಮೇಲೆ ಒಂದು ಗುಂಡೂ ಬೀಳಲಿಲ್ಲ.

ಅಲ್ಲಿಂದ ಈವರೆಗೆ ಮನೆ ನಡೆಸುತ್ತಿರುವುದು ಅದೇ ಸಂಘ. ನಿರ್ವಹಣೆಗೆ ಸರಕಾರದ ಹಣ ಪಡೆಯುವುದಿಲ್ಲ. ವರ್ಷಕ್ಕೆ ಸುಮಾರು 10 ಲಕ್ಷ ಜನ ಬರುತ್ತಾರೆ. ವರ್ಷದ 365 ದಿನವೂ ಬಾಗಿಲು ತೆರೆದಿರುತ್ತದೆ. ಟಿಕೆಟ್, ಅಂಗಡಿ, ಊಟದ ಮನೆ, ದೇಣಿಗೆ ಇವೇ ಆದಾಯ. ಖರ್ಚು ಕಳೆದು ಉಳಿದದ್ದು ಯಾರ ಜೇಬಿಗೂ ಹೋಗುವುದಿಲ್ಲ, ಮತ್ತೆ ಮನೆಗೇ ಹೋಗುತ್ತದೆ. ಲಾಭಕ್ಕಲ್ಲದ ಸಂಸ್ಥೆ ಎಂದರೆ ಅಷ್ಟೇ ಅರ್ಥ. ಲಾಭ ಬರಬಾರದೆಂದಲ್ಲ, ಬಂದದ್ದಕ್ಕೆ ಒಡೆಯ ಇಲ್ಲ.

ಕೇಳಲು ಸುಲಭ. ಆದರೆ ಹಳೆಯ ಮನೆಯನ್ನು ಹಾಳುಮಾಡುವುದು ಯಾರು ಗೊತ್ತೆ? ಪ್ರೀತಿಯಿಂದ ನೋಡಲು ಬರುವವರೇ! ಲಕ್ಷಾಂತರ ಕಾಲುಗಳಿಗೆ ಮೆಟ್ಟಿಲು ಸವೆಯುತ್ತದೆ. ಉಸಿರಿನ ತೇವಕ್ಕೆ ಮರ ಹಿಗ್ಗುತ್ತದೆ. ಕಿಟಕಿಯ ಬೆಳಕಿಗೆ ಪರದೆಯ ಬಣ್ಣ ಮಾಸುತ್ತದೆ. ಜನ ಬಾರದಿದ್ದರೆ ಹಣವಿಲ್ಲ, ಬಂದರೆ ಮನೆ ಸವೆಯುತ್ತದೆ. ಇಂಥ ಮನೆ ನಡೆಸುವವರಿಗೆ ಈ ಲೆಕ್ಕಾಚಾರ ಎಂದೂ ತಪ್ಪಿದ್ದಲ್ಲ.

ಬದಲಾವಣೆ ಬೇಡ, ವಾಷಿಂಗ್ಟನ್ ಬಿಟ್ಟುಹೋದಂತೆಯೇ ಇರಲಿ ಎಂದು ಆ್ಯನ್ ಪಮೆಲಾ 1874ರಲ್ಲಿ ನಿವೃತ್ತರಾಗುವಾಗ ಕೇಳಿಕೊಂಡಿದ್ದರು. ಇದನ್ನು ಪಾಲಿಸಲು ಎಷ್ಟೋ ಹೊಸದನ್ನು ತರಬೇಕಾಯಿತು ಎನ್ನುವುದು ತಮಾಷೆ. ಮರದ ಮನೆಗೆ ಬೆಂಕಿಯ ಭಯ. 1916ರಲ್ಲಿ ಥಾಮಸ್ ಎಡಿಸನ್ ಅವರ ನೆರವಿನಿಂದ ವಿದ್ಯುತ್ ದೀಪ ಬಂತು. 1923ರಲ್ಲಿ ಕಾರು ತಯಾರಿಸುವ ಹೆನ್ರಿ ಫೋರ್ಡ್ ಒಂದು ಬೆಂಕಿ ಆರಿಸುವ ವಾಹನವನ್ನೇ ಕೊಟ್ಟರು. ಜಗಲಿಯಿಂದ ಕಾಣುವ ಆಚೆ ದಡದ ಕಾಡಿನ ನೋಟವನ್ನೂ ಉಳಿಸಬೇಕಾಯಿತು. 1950ರ ದಶಕದಲ್ಲಿ ಅಲ್ಲಿ ಎಣ್ಣೆಯ ಟ್ಯಾಂಕುಗಳು ಬರುವ ಸುದ್ದಿ ಹಬ್ಬಿದಾಗ, ಒಹಾಯೊ ರಾಜ್ಯದ ವೈಸ್ ರೀಜೆಂಟ್ ಫ್ರಾನ್ಸಿಸ್ ಬೋಲ್ಟನ್ ಆ ಕಡೆಯ ಸುಮಾರು 500 ಎಕರೆ ನೆಲವನ್ನೇ ಕೊಂಡುಬಿಟ್ಟರು.

ಇನ್ನೊಂದು ಸ್ವಾರಸ್ಯ. ದೂರದಿಂದ ನೋಡಿದರೆ ಈ ಮನೆಯ ಗೋಡೆ ಕಲ್ಲಿನದೆನ್ನಿಸುತ್ತದೆ. ಮುಟ್ಟಿದರೆ ಮರ! ಪೈನ್ ಹಲಗೆಗಳನ್ನು ಕಲ್ಲಿನ ಆಕಾರಕ್ಕೆ ಕೆತ್ತಿ, ಬಣ್ಣ ಹಸಿಯಿದ್ದಾಗಲೇ ಮರಳು ಎರಚಿ ಮಾಡಿದ ಉಪಾಯ ಅದು. ಇಂದಿಗೂ ಬಣ್ಣ ಬಳಿಯುವಾಗ ಮರಳು ಎರಚುತ್ತಾರೆ.

ಆದರೆ ಆ ಹಲಗೆ ಎತ್ತಿದವರು, ಹೊಲ ಉತ್ತವರು, ಅಡುಗೆ ಬೇಯಿಸಿದವರು ಯಾರು? ಇದು ಮನೆ ನಡೆಸುವವರನ್ನು ಬಹುಕಾಲ ಕಾಡದ, ಆಮೇಲೆ ಬಿಡದೆ ಕಾಡಿದ ಪ್ರಶ್ನೆ. ವಾಷಿಂಗ್ಟನ್ ತೀರಿಕೊಂಡ ವರ್ಷ ಮೌಂಟ್ ವರ್ನನ್‌ನಲ್ಲಿ 317 ಮಂದಿ ಗುಲಾಮರಿದ್ದರು. ಮನುಷ್ಯರನ್ನು ದನಕರುಗಳಂತೆ ಕೊಳ್ಳುವ, ಮಾರುವ ಕಾಲ. ದೇಶಕ್ಕೆ ಸ್ವಾತಂತ್ರ್ಯ ತಂದವರ ಅಂಗಳದಲ್ಲೇ ಅದು ನಡೆದಿತ್ತು. ಆ್ಯನ್ ಪಮೆಲಾ ಅವರ ಮನೆತನವೂ ಗುಲಾಮರನ್ನು ಇಟ್ಟುಕೊಂಡದ್ದೇ. 317 ಮಂದಿಯಲ್ಲಿ ತಮಗೆ ಸೇರಿದ 123 ಜನರಿಗೆ ಬಿಡುಗಡೆ ಸಿಗಬೇಕೆಂದು ವಾಷಿಂಗ್ಟನ್ ಉಯಿಲು ಬರೆದಿದ್ದರು. ಉಳಿದ ಹೆಚ್ಚಿನವರಿಗೆ ಆ ಭಾಗ್ಯವಿರಲಿಲ್ಲ.

ಓನಾ ಜಡ್ಜ್ ಎಂಬ ಹುಡುಗಿ ಅಲ್ಲಿಯೇ ಹುಟ್ಟಿದವಳು, ಹೊಲಿಗೆಯಲ್ಲಿ ಜಾಣೆ. ಅಧ್ಯಕ್ಷರ ಹೆಂಡತಿ ಮಾರ್ಥಾ ಅವರ ಸೇವೆಗೆ ಫಿಲಡೆಲ್ಫಿಯಾ ನಗರದಲ್ಲಿದ್ದಾಗ, 1796ರ ಒಂದು ದಿನ, ಮನೆಯವರು ಊಟಕ್ಕೆ ಕೂತ ಹೊತ್ತಿನಲ್ಲಿ ಮೆಲ್ಲನೆ ಹೊರಬಿದ್ದು ಹಡಗು ಹತ್ತಿಬಿಟ್ಟಳು. ಹಿಂದಕ್ಕೆ ಕರೆತರಲು ಅಧ್ಯಕ್ಷರು ಆಳು ಕಳಿಸಿದರೂ ಬರಲಿಲ್ಲ. 1848ರಲ್ಲಿ ಬಡತನದಲ್ಲೇ ತೀರಿಕೊಂಡಳು, ಆದರೆ ಯಾರ ಸೊತ್ತಾಗಿಯೂ ಮರಳಿ ಹೋಗಲಿಲ್ಲ.

ಇಂಥವರ ಕಥೆಯನ್ನು ಮನೆ ತೋರಿಸುವವರು ದಶಕಗಳ ಕಾಲ ಹೇಳುತ್ತಲೇ ಇರಲಿಲ್ಲ. ಗುಲಾಮರನ್ನು ಹೂಳಿದ ಜಾಗದಲ್ಲಿ ಸಂಘ 1929ರಲ್ಲಿ ಒಂದು ಕಲ್ಲು ನೆಡಿಸಿತು. ಅದರ ಮೇಲೆ ಬರೆಸಿದ್ದು 'ನಿಷ್ಠಾವಂತ ಸೇವಕರು' ಎಂದು. 1983ರಲ್ಲಿ ಹೊಸ ಸ್ಮಾರಕ ಬಂತು. ಅದನ್ನು ರೂಪಿಸಿದವರು ಹೊವಾರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಅದರ ಮೇಲೆ 'ಗುಲಾಮರು' ಎಂಬ ಪದವೇ ಇದೆ. ಒಂದು ಪದ ಬದಲಾಗಲು 54 ವರ್ಷ ಹಿಡಿಯಿತು. ಮಾಡಿನ ದುರಸ್ತಿಗಿಂತ ಇದು ಕಷ್ಟದ ದುರಸ್ತಿ ಎಂದೇ ನನಗನ್ನಿಸುತ್ತದೆ. ಮಾಡು ಸೋರಿದರೆ ಎಲ್ಲರಿಗೂ ಕಾಣುತ್ತದೆ, ಕಥೆ ಸೋರಿದರೆ ಯಾರಿಗೆ ಕಂಡೀತು?

ಈಚಿನ ಸುದ್ದಿ ಹೇಳಲೇಬೇಕು, ಮುಖ್ಯವಾಗಿ ಅಜ್ಜಿಯರಿಗೆ. ಮನೆಯ ತಳಭಾಗದ ತೊಲೆಗಳು ಶಿಥಿಲವಾಗಿವೆಯೆಂದು ಸಂಘ 4 ಕೋಟಿ ಡಾಲರಿನ ದೊಡ್ಡ ದುರಸ್ತಿ ಕೈಗೆತ್ತಿಕೊಂಡಿತು. ಕೆಲಸಕ್ಕೆ ಮುಂಚೆ ನೆಲಮಾಳಿಗೆಯನ್ನು ಅಗೆದು ನೋಡಿದಾಗ, 2024ರಲ್ಲಿ, ಇಟ್ಟಿಗೆ ನೆಲದ ಕೆಳಗಿನ ಗುಂಡಿಗಳಲ್ಲಿ ಗಾಜಿನ ಬಾಟಲಿಗಳು ಸಿಕ್ಕವು. ಒಂದಲ್ಲ ಎರಡಲ್ಲ, 35! ಅದರಲ್ಲಿ 29 ಒಡೆಯದೆ ಇದ್ದವು. ಒಳಗೆ ಚೆರಿ ಮತ್ತಿತರ ಹಣ್ಣುಗಳು. ಇನ್ನೂರು ವರ್ಷಕ್ಕಿಂತ ಹಿಂದೆ ಯಾರೋ ತುಂಬಿಟ್ಟು, ಯಾಕೋ ತೆಗೆಯದೆ ಮರೆತ ಹಣ್ಣು.

ಚೆರಿಗೆ ತೊಟ್ಟು ಇನ್ನೂ ಅಂಟಿಕೊಂಡಿತ್ತು. ಹರಿತವಾದ ಕತ್ತರಿಯಿಂದ ಜೋಪಾನವಾಗಿ ಕತ್ತರಿಸಿದ ತೊಟ್ಟು. ಮಾವಿನ ಮಿಡಿಯನ್ನು ತೊಟ್ಟು ಸಮೇತ ಕೊಯ್ಯದಿದ್ದರೆ ಉಪ್ಪಿನಕಾಯಿ ಬಾಳಿಕೆ ಬರುವುದಿಲ್ಲವೆಂದು ಮರದ ಕೆಳಗೆ ನಿಂತು ಕೂಗುವ ಅಜ್ಜಿಯರಿಗೆ ಇದರ ಗುಟ್ಟು ವಿವರಿಸಬೇಕಿಲ್ಲ. ಕೊಯ್ದು ತುಂಬಿಟ್ಟವರು ಆ ಮನೆಯ ಗುಲಾಮರೇ ಎನ್ನುತ್ತಾರೆ ಅಲ್ಲಿಯ ಸಂಶೋಧಕರು. ಬಾಟಲಿಗಳನ್ನು ತಂಪಿನಲ್ಲಿಟ್ಟು, ಬೀಜಗಳನ್ನು ತೆಗೆದು ಪರೀಕ್ಷಿಸುವ ಕೆಲಸ ಕೈಗೊಂಡರು.