ಸೊಂಡೂರಿನ ಕೆಂಧೂಳಿ ಮತ್ತು ಮೀಸಲು ಹಣ

ಸವಡಿಯೆಂಬ ಊರಿನ ಎರೆಹೊಲದಲ್ಲಿ ಹಸಿಮಣ್ಣನ್ನು ಹಿಂಡಿದರೆ ಅಂಗೈ ಕಪ್ಪಾಗುವುದು. ಮೂಡಣಕ್ಕೆ ಸಾಗಿ ಸೊಂಡೂರನ್ನು ಸೇರಿದರೆ, ಗಣಿದಾರಿಯ ಗಿಡದೆಲೆಯನ್ನು ಸವರಿದ ಬೆರಳು ಕುಂಕುಮದಂತೆ ಕೆಂಪಾಗುವುದು.

ಈ ಸೀಮೆಯ ಅಕ್ರಮ ಕಬ್ಬಿಣದ ಗಣಿಗಾರಿಕೆಯ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ತೀರ್ಪನ್ನಿತ್ತು, ಅಕ್ರಮವು ಮಿತಿಮೀರಿದ್ದ ‘ಸಿ’ ವರ್ಗದ ಗಣಿಗುತ್ತಿಗೆಗಳನ್ನು ರದ್ದುಗೊಳಿಸಿತಲ್ಲದೆ, ಅದಿರಿನ ಮಾರಾಟದಿಂದೊದಗಿದ ದ್ರವ್ಯದ ಒಂದಂಶವನ್ನು ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳ ಗಾಯಗೊಂಡ ನೆಲದ ಪುನಶ್ಚೇತನಕ್ಕೆ ಮೀಸಲಿರಿಸುವ ಏರ್ಪಾಟಿಗೆ ಮುದ್ರೆಯೊತ್ತಿತು. ಹಣವು ಬೆಳೆಯುತ್ತಲೇ ಹೋಯಿತು. ಅದನ್ನು ವೆಚ್ಚಮಾಡುವ ಯೋಜನೆಗೆ ನ್ಯಾಯಾಲಯದ ಸಮ್ಮತಿ ದೊರೆತುದು ಮಾತ್ರ 2022ರಲ್ಲಿ!

ಕರ್ನಾಟಕದಲ್ಲಿಲ್ಲದ ಕಲ್ಲಿದ್ದಲ ಗಣಿಗಳಿಗಾದರೋ 2009ರಿಂದಲೇ ನಿಯಮವುಂಟು: ಅಗೆಯುತ್ತಿರುವಾಗಲೇ, ಮುಚ್ಚುವ ವೆಚ್ಚವನ್ನು ವರ್ಷವರ್ಷವೂ ಬ್ಯಾಂಕಿನಲ್ಲಿ ಠೇವಣಿಯಿಡತಕ್ಕದ್ದು.

ನಮ್ಮ ಯೋಜನೆಯೊಳಗೆ ರಸ್ತೆ, ರೈಲು, ಆಸ್ಪತ್ರೆಗಳೂ ಸೇರಿವೆ, ಬೇಡವೆನ್ನಲಾರೆ. ಆದರೆ ಮೊದಲ ರೂಪಾಯಿಯು, ಮಳೆಗೆ ಕುಸಿದು ಹಳ್ಳಕ್ಕಿಳಿಯುವ ಗಣಿಯ ಕೆಂಪು ತ್ಯಾಜ್ಯದಿಬ್ಬದ ಬುಡದ ತಡೆಗೋಡೆಗೆ ಸಲ್ಲಬೇಕು.