ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ

ನಿವೃತ್ತಿಯಲ್ಲಿ ಬಂದ ಭವಿಷ್ಯನಿಧಿಯ ಹಣದಿಂದಲೋ ಊರ ಹೊಲ ಮಾರಿದ ಮೊತ್ತದಿಂದಲೋ ನಗರದಲ್ಲಿ ಒಂದು ಮನೆ ಕೊಂಡು, ಅದರ ಬಾಡಿಗೆಯಿಂದ ಮುಂದಿನ ದಿನಗಳನ್ನು ನಿಶ್ಚಿಂತೆಯಿಂದ ಕಳೆಯಬೇಕೆಂಬುದು ನಮ್ಮ ಅನೇಕ ಗೃಹಸ್ಥರ ಹಂಬಲ. ಹಂಬಲವೇನೋ ಯೋಗ್ಯವಾದದ್ದೇ. ಆದರೆ ಮಗಳ ಸಂಬಂಧ ಕೂಡಿಸುವಾಗ ಹತ್ತು ಕಡೆ ವಿಚಾರಿಸುವ ನಾವು, ಬೆವರಿನ ಗಳಿಕೆಯನ್ನೆಲ್ಲ ಸುರಿಯುವ ಮನೆಯ ವಿಷಯದಲ್ಲಿ ದಲ್ಲಾಳಿಯ ಮಾತನ್ನೂ ಗೋಡೆಯ ಬಣ್ಣವನ್ನೂ ನಂಬಿ ಮುಂಗಡ ಕೊಟ್ಟುಬಿಡುತ್ತೇವೆ. ಮುಂಗಡಕ್ಕೆ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು.

ಮನೆ ಯಾರದು?

ಮೂಲಪತ್ರದಿಂದ ಇಂದಿನ ಕ್ರಯಪತ್ರದವರೆಗೆ ಒಡೆತನದ ಸರಪಳಿ ಎಲ್ಲಿಯೂ ಕಡಿದಿರಬಾರದು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಕನಿಷ್ಠ 30 ವರ್ಷಗಳ ಋಣಭಾರ ಪತ್ರ ಪಡೆಯಿರಿ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಪತ್ರಗಳನ್ನು ಒತ್ತೆಯಿಟ್ಟು ತಂದ ಸಾಲ ಅದರಲ್ಲಿ ಕಾಣದೆಯೂ ಇರಬಹುದು. ಆದುದರಿಂದ ಜೆರಾಕ್ಸ್ ಪ್ರತಿಗೆ ತೃಪ್ತರಾಗದೆ ಅಸಲು ಪತ್ರಗಳನ್ನೇ ಕಣ್ಣಾರೆ ಕಾಣಬೇಕು. ಖಾತೆಯೆಂಬುದು ಕಂದಾಯದ ದಾಖಲೆಯೇ ಹೊರತು ಒಡೆತನದ ಪುರಾವೆಯಲ್ಲ. 2024ರಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆಯೆಂಬುದೂ ನೆನಪಿರಲಿ. ಕೇವಲ ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ನಡೆದ ಮಾರಾಟದಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಹೇಳಿದೆ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಹೆಸರುಗಳನ್ನು ಹುಡುಕಿರಿ. 2005ರ ತಿದ್ದುಪಡಿಯು ಮಗಳಿಗೆ ಮಗನ ಸಮಾನ ಹಕ್ಕು ನೀಡಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅಕ್ಕತಂಗಿಯರ ಸಹಿಯಿಲ್ಲದ ಕ್ರಯಪತ್ರವು ಕೊಳ್ಳುವವನನ್ನು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಸಬಲ್ಲದು; ಅದಕ್ಕಿಂತ ಮಿಗಿಲಾಗಿ, ಒಬ್ಬ ಹೆಣ್ಣುಮಗಳ ಪಾಲನ್ನು ಕಸಿಯುವ ಕೆಲಸದಲ್ಲಿ ನಾವೂ ಭಾಗಿಗಳಾದಂತಾಗುತ್ತದೆ.

ಮನೆಯೊಳಗೆ ಇರುವವರು ಯಾರು?

ಬೆಂಗಳೂರಿನಂಥ ನಗರಗಳಲ್ಲಿ ಭೋಗ್ಯದ ಪದ್ಧತಿಯುಂಟು. ಮಾಲೀಕನು ಹಲವು ಲಕ್ಷಗಳ ಇಡುಗಂಟು ಪಡೆದು ಮನೆಯನ್ನು ಬಿಟ್ಟುಕೊಟ್ಟಿರುತ್ತಾನೆ. ತಿಂಗಳ ಬಾಡಿಗೆ ಬರುವುದಿಲ್ಲ, ಅವಧಿ ಮುಗಿದಾಗ ಇಡುಗಂಟು ಹಿಂತಿರುಗಿಸಬೇಕು. ಇದನ್ನು ವಿಚಾರಿಸದೆ ಕೊಂಡರೆ ಆ ಭಾರ ಹೊಸ ಮಾಲೀಕನ ಹೆಗಲೇರಬಹುದು. ಆದುದರಿಂದ ವಾಸವಿರುವವರನ್ನೇ ಮುಖತಃ ಕಂಡು ಕರಾರುಪತ್ರ ಓದಿರಿ. ಇಡುಗಂಟನ್ನು ಯಾರು ಹಿಂತಿರುಗಿಸಬೇಕೆಂಬುದು ಕ್ರಯಪತ್ರದಲ್ಲಿಯೇ ಬರೆದಿರಲಿ; ನೀವು ಕೊಡುವುದಾದರೆ ಆ ಮೊತ್ತ ಬೆಲೆಯಲ್ಲಿ ಕಳೆಯಲಿ. ಬೇಸಿಗೆಯಲ್ಲಿ ನೀರು ಹೇಗೆ, ವಿದ್ಯುತ್ ಬಾಕಿಯೆಷ್ಟು, ಮಳೆಗೆ ಮಾಳಿಗೆ ಸೋರುವುದೇ ಎಂಬುದನ್ನು ಅವರಷ್ಟು ಚೆನ್ನಾಗಿ ಮತ್ತಾರೂ ಹೇಳಲಾರರು.

ಮನೆ ನಿಜವಾಗಿ ತರುವುದೆಷ್ಟು?

60 ಲಕ್ಷ ರೂಪಾಯಿಯ ಮನೆಗೆ ತಿಂಗಳಿಗೆ 15,000 ಬಾಡಿಗೆಯೆಂದುಕೊಳ್ಳೋಣ. ವರ್ಷಕ್ಕೆ 1,80,000, ಅಂದರೆ ಶೇಕಡಾ 3. ಒಂದು ತಿಂಗಳು ಖಾಲಿ ಬಿದ್ದರೆ 15,000, ಕಂದಾಯ ಮತ್ತು ದುರಸ್ತಿಗೆ 25,000 ಕಳೆದರೆ ಉಳಿಯುವುದು 1,40,000. ಶೇಕಡಾ ಎರಡೂಕಾಲರ ಆಸುಪಾಸು. ಮುದ್ರಾಂಕ, ನೋಂದಣಿ ಶುಲ್ಕಗಳಿಗೆಂದು ಮೊದಲೇ ತೆರಬೇಕಾದ ನಾಲ್ಕು ಲಕ್ಷಕ್ಕೂ ಮೀರಿದ ಹಣವನ್ನು ಇಲ್ಲಿ ಸೇರಿಸಿಲ್ಲ. ಬೆಲೆ ಏರೀತೆಂಬ ಭರವಸೆ ಬೇರೆ, ಪ್ರತಿ ತಿಂಗಳ ಔಷಧಿಯ ಖರ್ಚಿಗೆ ಒದಗುವ ಹಣ ಬೇರೆ. ಸಾಲ ಮಾಡಿ ಕೊಳ್ಳುವವರು ಬಡ್ಡಿಯನ್ನೂ ಈ ಲೆಕ್ಕದ ಎದುರಿಗಿಟ್ಟು ನೋಡಬೇಕು.

ಮಾರುವವರು ತೋರಿಸಿದ ವಕೀಲರನ್ನು ಬಿಟ್ಟು, ನೀವೇ ಆರಿಸಿದ ವಕೀಲರಿಂದ ಪತ್ರಗಳನ್ನು ಪರಿಶೀಲಿಸಿರಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ಪತ್ರಗಳಲ್ಲಿ ದೋಷ ಕಂಡರೆ ಅದು ಹಿಂದಿರುಗಬೇಕೆಂಬ ಮಾತು ಕರಾರಿನಲ್ಲಿರಲಿ. ಸಹಿ ಹಾಕುವ ಮುನ್ನ ಮನೆಯ ಗೃಹಿಣಿಗೂ ಮಕ್ಕಳಿಗೂ ಎಲ್ಲವನ್ನೂ ಓದಿ ಹೇಳಿರಿ. ನಾಳೆ ಆ ಬಾಡಿಗೆಯನ್ನು ನೆಚ್ಚಿ ಬಾಳಬೇಕಾದವರು ಅವರೇ ಆಗಿರಬಹುದು.