ಕಾರೆಂದರೆ ಜೀವ ಬಿಡುತ್ತಿದ್ದ ಮನೆ ಯಜಮಾನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳೆಯ ಬಡಾವಣೆಗಳಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಒಂದು ಬಗೆಯ ಗೃಹಸ್ಥರಿದ್ದರು. ವಕೀಲಿಕೆಯಲ್ಲೋ ವೈದ್ಯ ವೃತ್ತಿಯಲ್ಲೋ, ರೇಷ್ಮೆ, ಮಾವಿನ ವ್ಯಾಪಾರದಲ್ಲೋ ದುಡಿದು, ಮನೆ ಕಟ್ಟಿಸಿ, ಆಮೇಲೆ ಒಂದು ಕಾರು ಕೊಂಡವರು. ಅಂಥವರು ತೀರಿಕೊಂಡ ಮೇಲೆ ಮನೆಯವರು ಅವರ ಮಾತು ಎತ್ತಿದರೆ, ಸ್ವಲ್ಪ ಹೊತ್ತಿನಲ್ಲೇ ಮಾತು ಕಾರಿನತ್ತ ಹೊರಳುತ್ತದೆ. ಯಾವ ವರ್ಷ ಮದುವೆಯಾಯಿತು ಎಂಬುದು ಮರೆತಿರಬಹುದು. ಫಿಯೆಟ್ ಮಾರಿ ಮಾರುತಿ ತಂದ ವರ್ಷ ಯಾರಿಗೂ ಮರೆತಿರುವುದಿಲ್ಲ.

ಆ ಕಾಲದಲ್ಲಿ ಆಯ್ಕೆ ಹೆಚ್ಚಿರಲಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಮೇಲೆ ರೂಪುಗೊಂಡ ಅಂಬಾಸಿಡರ್ 1950ರ ದಶಕದ ಕೊನೆಗೆ ರಸ್ತೆಗಿಳಿಯಿತು. ಅದರ ಎದುರಾಳಿ ಪ್ರೀಮಿಯರ್ ಕಂಪನಿಯ ಫಿಯೆಟ್ 1100. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದರೂ ಜನ ಅದನ್ನು ಫಿಯೆಟ್ ಎಂದೇ ಕರೆದರು. ಪರವಾನಗಿ ರಾಜ್ಯದ ಆ ದಿನಗಳಲ್ಲಿ ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಸಣ್ಣ ಊರಿನ ಬಹುತೇಕರ ಮೊದಲ ಕಾರು ಬೆಂಗಳೂರಿನಿಂದ ಬಂದ ಸೆಕೆಂಡ್ ಹ್ಯಾಂಡ್.

ಇಲ್ಲಿ ಒಂದು ಮಾತು ಸೇರಿಸಬಹುದು. ಹಳೆಯ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು ದೇಶದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲೇ ಯೋಜನೆ ಸಿದ್ಧಪಡಿಸಿದ್ದರು. ಬೆಂಗಳೂರಿಗೆ ಆ ಕಾರ್ಖಾನೆ ಬರಲಿಲ್ಲ. ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿಕೊಂಡಿತು. ಕೋಲಾರದ ಮನೆಗಳ ಮುಂದೆ ನಿಂತ ಫಿಯೆಟ್‌ಗಳೆಲ್ಲ ಆ ಕಂಪನಿಯವೇ.

ಕಾರು ಮನೆಗೆ ಬಂದ ಮೇಲೆ ಯಜಮಾನನ ದಿನಚರಿಯೇ ಬದಲಾಗುತ್ತಿತ್ತು. ಬೆಳಿಗ್ಗೆ ಕಾಫಿಗೆ ಮುಂಚೆ ಬಾನೆಟ್ ಎತ್ತಿ ರೇಡಿಯೇಟರ್ ನೀರು, ಎಂಜಿನ್ ಆಯಿಲ್, ಬ್ಯಾಟರಿಯ ಡಿಸ್ಟಿಲ್ಡ್ ವಾಟರ್ ನೋಡಬೇಕು. ಚಳಿಗಾಲದಲ್ಲಿ ಚೋಕ್ ಎಳೆದು, ಒಂದೆರಡು ಸಲ ಆಕ್ಸಿಲರೇಟರ್ ಒತ್ತಿ ಸೆಲ್ಫ್ ಹಾಕಬೇಕು. ಸೆಲ್ಫ್ ಕೈಕೊಟ್ಟರೆ ಮನೆಯ ಮಕ್ಕಳು, ಪಕ್ಕದ ಮನೆಯವರು, ದಾರಿಹೋಕರು ಎಲ್ಲರೂ ತಳ್ಳಲು ಬರಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್, ಸ್ಪ್ಯಾನರ್, ಸ್ಪಾರ್ಕ್ ಪ್ಲಗ್, ಫ್ಯಾನ್ ಬೆಲ್ಟ್, ಒಂದು ಕ್ಯಾನ್ ನೀರು, ಹಳೆ ಬನಿಯನ್ ಬಟ್ಟೆ ಸದಾ ಇರಬೇಕು. ಆ ಬಟ್ಟೆಗೆ ಕಾರು ಒರೆಸುವುದಕ್ಕಿಂತ ದೊಡ್ಡ ಕೆಲಸವೂ ಇತ್ತು. ಬೇಸಿಗೆಯಲ್ಲಿ ಎಂಜಿನ್ ಕಾದು, ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರು ನಿಂತುಬಿಟ್ಟರೆ, ಅದನ್ನು ಒದ್ದೆ ಮಾಡಿ ಪೆಟ್ರೋಲ್ ಪಂಪಿಗೆ ಸುತ್ತಿ ತಣ್ಣಗಾಗುವವರೆಗೆ ಕಾಯುತ್ತಿದ್ದರು. ಗ್ಯಾರೇಜಿನಲ್ಲಿ ಮೇಸ್ತ್ರಿ ಕೆಲಸ ಮಾಡುವಾಗ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರದಿದ್ದರೆ ಇಂಥವರಿಗೆ ಸಮಾಧಾನವಿಲ್ಲ. ಕಾರ್ಬೊರೇಟರ್ ಬಿಚ್ಚಿ ತೊಳೆಯುವುದನ್ನು ಅಲ್ಲೇ ನೋಡಿ ಕಲಿತ ಗುಮಾಸ್ತರೂ ಇದ್ದರು, ವೈದ್ಯರೂ ಇದ್ದರು.

ಆದರೆ ಇವರನ್ನು ಬರೀ ಯಂತ್ರದ ಹುಚ್ಚಿನವರೆಂದರೆ ತಪ್ಪಾದೀತು. ಕಾರು ಇದ್ದದ್ದು ಸಂಸಾರಕ್ಕಾಗಿ. ಅಂಬಾಸಿಡರ್, ಫಿಯೆಟ್ ಎರಡರಲ್ಲೂ ಗೇರ್ ಸ್ಟೀರಿಂಗ್ ಪಕ್ಕದಲ್ಲಿತ್ತು. ಮುಂದಿನ ಸೀಟು ಒಂದೇ ಉದ್ದನೆಯದು. ಹಾಗಾಗಿ ಮುಂದೆ ಮೂರು ಜನ, ಹಿಂದೆ ನಾಲ್ಕು ಜನ, ಅವರ ತೊಡೆಯ ಮೇಲೆ ಮಕ್ಕಳು. ಹೆರಿಗೆಗೆ ಆಸ್ಪತ್ರೆಗೆ ಹೊರಟದ್ದು, ಹೆಣ್ಣು ನೋಡಲು ಹೋದದ್ದು, ಮದುವಣಗಿತ್ತಿಯನ್ನು ಕಳಿಸಿಕೊಟ್ಟದ್ದು ಎಲ್ಲಕ್ಕೂ ಅದೇ ಕಾರು. ಬೀದಿಯಲ್ಲಿ ಒಂದೇ ಕಾರಿದ್ದರೆ ಅದು ಇಡೀ ಬೀದಿಯ ಕಾರು. ನಡುರಾತ್ರಿ ಯಾರಿಗೆ ಎದೆನೋವು ಬಂದರೂ ಬಾಗಿಲು ತಟ್ಟುತ್ತಿದ್ದದ್ದು ಆ ಮನೆಯದನ್ನೇ. ಶ್ರೀನಿವಾಸಪುರದ ಕಡೆಯ ಮನೆಗಳಲ್ಲಿ ಮೇ, ಜೂನ್ ಬಂತೆಂದರೆ ಡಿಕ್ಕಿ ತುಂಬ ಮಾವಿನ ಹಣ್ಣು. ಬೆಂಗಳೂರಿನ ನೆಂಟರ ಮನೆಗಳಿಗೆಲ್ಲ ಹಂಚಿ ಬಂದ ಮೇಲೂ ವಾರಗಟ್ಟಲೆ ಕಾರಿನಲ್ಲಿ ಬಾದಾಮಿ ಮಾವಿನ ವಾಸನೆ.

ಪ್ರಯಾಣದಲ್ಲಿ ದೊಡ್ಡದು ತಿರುಪತಿಯದು. ಕೋಲಾರದಿಂದ ಸುಮಾರು 30 ಕಿಲೋಮೀಟರ್ ದೂರದ ಮುಳಬಾಗಿಲು ಅದರ ಮೊದಲ ನಿಲ್ದಾಣ. ಆಂಜನೇಯನಿಗೆ ಕೈಮುಗಿದು, ಪುರುಸೊತ್ತಿದ್ದರೆ ಕುರುಡುಮಲೆಯ ಗಣಪನನ್ನೂ ನೋಡಿ, ದೋಸೆ ತಿಂದು ಹೊರಟರೆ ಮುಂದೆ ನಂಗಲಿ, ಪಲಮನೇರು, ಚಿತ್ತೂರು. ಹೋಗುವಾಗ ಮೊಗಿಲಿ ಘಾಟಿ ಇಳಿಜಾರು, ಯಜಮಾನ ಹಾಡು ಗುನುಗುತ್ತಿದ್ದ. ಬರುವಾಗ ಅದೇ ಘಾಟಿ ಏರು. ತುಂಬಿದ ಕಾರು ಏರು ಹತ್ತುವಾಗ ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಆಗ ಎಲ್ಲರೂ ಕೆಳಗಿಳಿಯಬೇಕು, ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳವನ್ನು ಹುಷಾರಾಗಿ ಸಡಿಲಿಸಬೇಕು, ಎಂಜಿನ್ ಆರುವವರೆಗೆ ಮರದ ನೆರಳಲ್ಲಿ ಪುಳಿಯೋಗರೆ ಬಿಚ್ಚಬೇಕು. ಮಾಲೂರಿನ ಕಡೆಯವರಿಗೆ ಚಿಕ್ಕ ತಿರುಪತಿ ಹತ್ತಿರವಿದ್ದರೂ ಈ ದೊಡ್ಡ ಪ್ರಯಾಣ ತಪ್ಪುತ್ತಿರಲಿಲ್ಲ.

ಆಯುಧಪೂಜೆಯ ದಿನ ಕಾರು ಮನೆಯ ಹಿರಿಯ ಎತ್ತಿನಂತೆ ಸಿಂಗರಗೊಳ್ಳುತ್ತಿತ್ತು. ಬಾನೆಟ್‌ಗೆ ಸೇವಂತಿಗೆ ಹಾರ, ಗಾಜಿಗೆ ಅರಿಶಿನ ಕುಂಕುಮ, ಚಕ್ರದಡಿ ನಿಂಬೆಹಣ್ಣು, ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ. ಈ ಕುಟುಂಬಗಳ ಹಳೆಯ ಆಲ್ಬಮ್ ತೆರೆದರೆ ಯಜಮಾನನ ಒಳ್ಳೆಯ ಫೋಟೊ ಬಹುಶಃ ಆ ದಿನದ್ದೇ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಈ ಲೋಕ ಬದಲಾಯಿತು. 796 ಸಿ.ಸಿ.ಯ ಪುಟ್ಟ ಎಂಜಿನ್, ಕೀಲಿ ತಿರುಗಿಸಿದರೆ ಸ್ಟಾರ್ಟ್. ಹಳಬರು ಅದನ್ನು ಬೆಂಕಿಪೊಟ್ಟಣ ಎಂದು ಆಡಿಕೊಂಡರು, ಆಮೇಲೆ ತಾವೇ ಕೊಂಡರು. 2000ದ ಹೊತ್ತಿಗೆ ಪದ್ಮಿನಿ ನಿಂತಿತು. 2014ರಲ್ಲಿ ಮಾರುತಿ 800, ಅಂಬಾಸಿಡರ್ ಎರಡೂ ನಿಂತವು. ಇತ್ತ ಹಳೇ ಮದ್ರಾಸು ರಸ್ತೆ ಅಗಲವಾಯಿತು. ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳೇ ತಯಾರಾಗತೊಡಗಿದವು. ಈಗ ಕಾರು ಸಾಲದ ಕಂತಿನಲ್ಲಿ ಬರುತ್ತದೆ, ಐದಾರು ವರ್ಷಕ್ಕೆ ಬದಲಾಗುತ್ತದೆ; ಅದರ ಮೇಲೆ ಯಾರಿಗೂ ಅಷ್ಟು ಮಮತೆ ಬೆಳೆಯುವುದಿಲ್ಲ.

ಯಜಮಾನ ತೀರಿಕೊಂಡ ಮೇಲೆ ಉಳಿಯುವ ಕಾರನ್ನು ಮನೆಯವರು ಅವರ ನೆನಪೆಂದು ಶೆಡ್ಡಿನಲ್ಲಿ ಮುಚ್ಚಿಡುವುದುಂಟು. ಪ್ರೀತಿಯಿಂದ ಮಾಡಿದ್ದಾದರೂ ಕಾರಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕೆಲವೇ ತಿಂಗಳಲ್ಲಿ ಬ್ಯಾಟರಿ ಸಾಯುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ವೈರುಗಳನ್ನು ಇಲಿ ಕಡಿಯುತ್ತದೆ. ಉಳಿಸಿಕೊಳ್ಳುವುದಾದರೆ ವಾರಕ್ಕೊಮ್ಮೆಯಾದರೂ ಓಡಿಸಬೇಕು. ಓಡಿಸಬೇಕೆಂದರೆ ಕಾಗದಪತ್ರ ಸರಿಯಿರಬೇಕು.

ಕಾನೂನಿನ ಪ್ರಕಾರ, ಮಾಲೀಕರು ತೀರಿಕೊಂಡ 30 ದಿನದೊಳಗೆ ವಾರಸುದಾರರು ಆರ್‌ಟಿಒಗೆ ತಿಳಿಸಬೇಕು. ಹಾಗೆ ತಿಳಿಸಿದವರು ಮೂರು ತಿಂಗಳವರೆಗೆ ಕಾರನ್ನು ಬಳಸಬಹುದು; ಅಷ್ಟರೊಳಗೆ ನಮೂನೆ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಆರ್‌ಸಿ, ವಿಮೆ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿಟ್ಟುಕೊಂಡರೆ ಓಡಾಟ ಕಡಿಮೆ. ವಿಮೆಯೂ ಹಾಗೆಯೇ: ಸಾವಿನ ದಿನದಿಂದ ಮೂರು ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಅದು ನಡೆಯುತ್ತದೆ. ತೀರಿಕೊಂಡವರ ಹೆಸರಿನಲ್ಲೇ ವರ್ಷಗಟ್ಟಲೆ ಓಡಿಸಿ, ಅಪಘಾತವಾದಾಗ ಪರಿಹಾರ ಸಿಗದೆ ಒದ್ದಾಡುವುದು ಈ ಎರಡನ್ನು ಮರೆತವರ ಪಾಡು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಮೂಲ ರೂಪ ಕೆಡದ, 50 ವರ್ಷ ದಾಟಿದ ಕಾರಾದರೆ 2021ರ ನಿಯಮದಂತೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಪಡೆಯಬಹುದು. ಅದರ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ತರಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ.

ಈ ತಾಪತ್ರಯವನ್ನೆಲ್ಲ ಕಡಿಮೆ ಮಾಡುವ ಒಂದು ಅನುಕೂಲವೂ 2021ರಲ್ಲೇ ಬಂದಿದೆ. ಆರ್‌ಸಿಯಲ್ಲಿ ನಾಮಿನಿಯ ಹೆಸರು ಸೇರಿಸಬಹುದು, ಹಳೆಯ ಕಾರಿಗೂ ಆನ್‌ಲೈನ್‌ನಲ್ಲೇ ಸೇರಿಸಬಹುದು. ಕಾರು ತಮ್ಮ ಹೆಸರಿನಲ್ಲಿರುವವರು ಈ ಕೆಲಸವನ್ನು ಮುಂದಿನ ಸರ್ವಿಸ್‌ಗೆ ಮುಂಚೆ ಮುಗಿಸಿಕೊಳ್ಳುವುದು ಒಳ್ಳೆಯದು.